ಜನವಿಲ್ಲದ ದ್ವೀಪದ ಪೆಂಗ್ವಿನ್‌ಗಳನ್ನು ಎಣಿಸಿದ್ದು ಯಾರು?

ಪ್ರಶ್ನೆ (ಶಿರಾ ಕಡೆಯ ಶಿಕ್ಷಕಿ): ನಮಸ್ಕಾರ ಸರ್. ಎಂಟನೇ ಕ್ಲಾಸಿನ ಹುಡುಗನೊಬ್ಬ ಕೇಳಿದ, "ಮಿಸ್, ಜನವೇ ಇಲ್ಲದ ದ್ವೀಪದಲ್ಲಿ ಲಕ್ಷ ಲಕ್ಷ ಪೆಂಗ್ವಿನ್ ಇವೆ ಅಂತಾರಲ್ಲ, ಎಣಿಸಿದ್ದು ಯಾರು?" ನನಗೂ ಗೊತ್ತಾಗಲಿಲ್ಲ. ಎಲ್ಲ ಕಡೆ "ಇಷ್ಟು ಜೋಡಿ" ಅಂತ ಯಾಕೆ ಬರೆಯುತ್ತಾರೆ?

ಉತ್ತರ (ಪಕ್ಷಿ ಸಂಶೋಧಕ, ತುಮಕೂರು): ಮೇಡಂ, ಕಗ್ಗಲಡು ನಿಮಗೆ ಹತ್ತಿರವೇ ಅಲ್ವಾ? ಅಲ್ಲಿ ಹುಣಸೆಮರದ ಮೇಲಿನ ಬಣ್ಣದ ಕೊಕ್ಕರೆಗಳನ್ನು ಎಣಿಸಲು ಆ ಹುಡುಗನಿಗೇ ಹೇಳಿ. ಹತ್ತು ನಿಮಿಷಕ್ಕೆ ಲೆಕ್ಕ ತಪ್ಪುತ್ತದೆ. ಒಂದು ಮೀನಿಗೆ ಹೊರಟಿತು, ಎರಡು ಬಂದು ಕೂತವು. ಗೂಡು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೇ ನಾವು ಗೂಡು ಎಣಿಸುವುದು. ಒಂದು ಗೂಡಿಗೆ ಒಂದು ಜೋಡಿ.

ಪೆಂಗ್ವಿನ್‌ಗೂ ಇದೇ ಲೆಕ್ಕ. ಸಾಮಾನ್ಯವಾಗಿ ಗಂಡು ಹೆಣ್ಣು ಸರದಿ ಮೇಲೆ ಕಾವು ಕೂರುತ್ತವೆ, ಇನ್ನೊಂದು ಸಮುದ್ರದಲ್ಲಿರುತ್ತದೆ. ಮೊಟ್ಟೆ ಇಟ್ಟ ಹೊಸದರಲ್ಲೇ ಎಣಿಸಬೇಕು. ತಡವಾದರೆ ಮೊಟ್ಟೆ ಕಳೆದುಕೊಂಡವು ಜಾಗ ಬಿಟ್ಟಿರುತ್ತವೆ. ಇನ್ನೂ ಜೋಡಿಯಾಗದ ಎಳೆಯ ಹಕ್ಕಿಗಳಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ಜೋಡಿಯನ್ನು ಸುಮ್ನೆ ಎರಡರಿಂದ ಗುಣಿಸಿದರೆ ಒಟ್ಟು ಸಂಖ್ಯೆ ಬರಲ್ಲ.

ಗುಂಪು ಎಲ್ಲಿದೆ ಅಂತ ಹೇಳಿಕೊಡುವುದು ಹಿಕ್ಕೆ! ಸಿಗಡಿಯಂಥ ಕ್ರಿಲ್ ತಿನ್ನುವ ಅಡೇಲಿ ಪೆಂಗ್ವಿನ್‌ಗಳ ಹಿಕ್ಕೆ ಬಂಡೆ ಮೇಲೆ ನಸುಗೆಂಪು ಕಲೆಯಾಗಿ ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಅಂಟಾರ್ಕ್ಟಿಕಾದ ಡೇಂಜರ್ ದ್ವೀಪಗಳಲ್ಲಿ ಹೀಗೆ ಕಲೆ ಕಂಡು, ಸಂಶೋಧಕರು 2015ರಲ್ಲಿ ಹೋಗಿ ಡ್ರೋನ್ ಫೋಟೊಗಳಲ್ಲೂ ನೆಲದ ಮೇಲೂ ಎಣಿಸಿದರು. 2018ರಲ್ಲಿ ಪ್ರಕಟವಾದ ಲೆಕ್ಕ 7.5 ಲಕ್ಷ ಜೋಡಿ.

ಪ್ರಶ್ನೆ (ಪಾವಗಡದ ಇನ್ನೊಬ್ಬರು): ಸರ್, ಎಲ್ಲ ಪೆಂಗ್ವಿನ್ ವರ್ಷಕ್ಕೊಮ್ಮೆ ಮರಿ ಮಾಡ್ತಾವಾ?

ಉತ್ತರ: ಹೆಚ್ಚಿನವು ಹೌದು. ತಲೆ ಕೆಡಿಸುವುದು ಕಿಂಗ್ ಪೆಂಗ್ವಿನ್. ಅದು ಗೂಡೇ ಕಟ್ಟಲ್ಲ. ಒಂದೇ ಮೊಟ್ಟೆ, ಅದನ್ನೂ ಪಾದದ ಮೇಲಿಟ್ಟು ಹೊಟ್ಟೆಯ ಚರ್ಮದ ಮಡಿಕೆ ಹೊದಿಸಿ ಸುಮಾರು 54 ದಿನ ಕಾವು. ಮೊಟ್ಟೆಯಿಂದ ಹಿಡಿದು ಮರಿ ಸಮುದ್ರಕ್ಕಿಳಿಯುವವರೆಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕು. ಅಬ್ಬಬ್ಬಾ ಅಂದರೆ ಮೂರು ವರ್ಷಕ್ಕೆ ಎರಡು ಮರಿ. ಅದಕ್ಕೇ ಒಂದೇ ಗುಂಪಿನಲ್ಲಿ ಕಾವು ಕೂತವೂ, ಕಂದು ತುಪ್ಪಳದ ದೊಡ್ಡ ಮರಿಗಳೂ ಒಟ್ಟಿಗೆ ಇರುತ್ತವೆ. ಹಳೆಯ ಕಾಲದ ನಾವಿಕರು ಈ ಮರಿಗಳನ್ನು ಬೇರೆಯೇ ಜಾತಿ ಅಂದುಕೊಂಡಿದ್ದರು!

ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಕ್ರೋಜೆ ದ್ವೀಪಗಳಿವೆ. ಅಲ್ಲಿನ ಇಲ್-ಒ-ಕೊಶೋಂ ದ್ವೀಪದಲ್ಲಿ 1980ರ ದಶಕದಲ್ಲಿ ಸುಮಾರು 5 ಲಕ್ಷ ಜೋಡಿ ಕಿಂಗ್ ಪೆಂಗ್ವಿನ್ ಇದ್ದವು. ಆಮೇಲೆ ದಶಕಗಳ ಕಾಲ ಅಲ್ಲಿಗೆ ಯಾರೂ ಹೋಗಿ ಎಣಿಸಲಿಲ್ಲ. ಉಪಗ್ರಹದ ಚಿತ್ರಗಳಲ್ಲಿ ಗುಂಪು ಹರಡಿದ ಜಾಗ ಅಳೆದಾಗ 60,000 ಜೋಡಿ ಅಂತ ಬಂತು. ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ಹೋಗಿತ್ತು. ನನಗಂತೂ ಆ ವರದಿ ಓದಿದ ದಿನ ಬೇರೆ ಕೆಲಸ ಸಾಗಲಿಲ್ಲ.

ಶಿಕ್ಷಕಿ: ಥ್ಯಾಂಕ್ಸ್ ಸರ್. ಕಗ್ಗಲಡುಗೆ ಯಾವಾಗ ಹೋಗೋಣ?

ಉತ್ತರ: ಮಾರ್ಚ್‌ನಲ್ಲಿ, ಬಿಸಿಲೇರುವ ಮುಂಚೆ. ಊರಿನವರನ್ನು ಮೊದಲು ಮಾತಾಡಿಸಿ, ಹಕ್ಕಿ ಕಾಯ್ದವರು ಅವರೇ. ಮತ್ತೆ, ಮರದ ಕೆಳಗೆ ಮಾತ್ರ ನಿಲ್ಲಬೇಡಿ. ನನ್ನ ಎರಡು ಶರ್ಟು ಹಾಳಾಗಿವೆ.