ಹೊಸ ಕಡತಗಳನ್ನು ವಿಂಗಡಿಸುವ ಪೈಥಾನ್ ಸ್ಕ್ರಿಪ್ಟ್: ‘ಮದುವೆ’ ಹೋಗುತ್ತದೆ, ‘ಗೃಹಪ್ರವೇಶ’ ಹೋಗುವುದಿಲ್ಲ

ಶಿರಸಿ ಮುದ್ರಕ:
ನನ್ನದು ಶಿರಸಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಫೋಟೊ, ಪಿಡಿಎಫ್, ನುಡಿ ತಂತ್ರಾಂಶದಲ್ಲಿ ಟೈಪಾದ ವರ್ಡ್ ಕಡತ, ಎಲ್ಲವೂ ವಿಂಡೋಸ್‌ನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ರಾಶಿ ಬೀಳುತ್ತವೆ. ವೈಶಾಖದ ಲಗ್ನಗಳು ಶುರುವಾದವೆಂದರೆ ಬೇಕಾದ ಕರಡು ಸಿಗುವಷ್ಟರಲ್ಲಿ ಗಿರಾಕಿಯ ಚಹಾ ಮುಗಿದಿರುತ್ತದೆ.

ಮಗಳು, ಫೋಲ್ಡರಿಗೆ ಕಾವಲು ಕೂತು ಹೊಸ ಕಡತ ಬಂದದ್ದನ್ನು ತಿಳಿಸುವ ವಾಚ್‌ಡಾಗ್ ಎಂಬ ಪೈಥಾನ್ ಲೈಬ್ರರಿ ಬಳಸಿ ಸ್ಕ್ರಿಪ್ಟ್ ಬರೆದಿಟ್ಟು ಹಾಸ್ಟೆಲಿಗೆ ಹೋದಳು. ಹೊಸ ಕಡತ ಕಂಡ ಕೂಡಲೇ ಹೆಸರಿನಲ್ಲಿ ‘ಮದುವೆ’, ‘ಉಪನಯನ’, ‘ಗೃಹಪ್ರವೇಶ’ ಇದ್ದರೆ ಆಯಾ ಫೋಲ್ಡರಿಗೆ, ಇಲ್ಲದಿದ್ದರೆ ‘ಇತರೆ’ಗೆ ಸಾಗಿಸುತ್ತದೆ. ತೊಂದರೆ ಎರಡು. ದೊಡ್ಡ ಕಡತ ಇಳಿಯುತ್ತಿರುವಾಗಲೇ ಅದರ ಅರ್ಧ ತುಂಡು ‘ಇತರೆ’ಯಲ್ಲಿ ಕಾಣಿಸಿಕೊಂಡು, 32ನೇ ಸಂಖ್ಯೆಯ ದೋಷ ಬಂದು ಸ್ಕ್ರಿಪ್ಟ್ ನಿಲ್ಲುತ್ತದೆ. ಇನ್ನೊಂದು ವಿಚಿತ್ರ: ಹಳೆಯ ಮ್ಯಾಕ್ ಇಟ್ಟುಕೊಂಡಿರುವ ವಿನ್ಯಾಸಕರೊಬ್ಬರ ಜಿಪ್‌ನಿಂದ ಬಂದ ‘ಮದುವೆ’ ಸರಿಯಾಗಿ ಹೋಗುತ್ತದೆ, ‘ಗೃಹಪ್ರವೇಶ’ ಮಾತ್ರ ‘ಇತರೆ’ಗೆ. ಕಾಗುಣಿತ ಸರಿಯಾಗಿಯೇ ಇದೆ. ಕರಡು ತಿದ್ದುವುದೇ ನನ್ನ ಕಸುಬು, ಆ ವಿಷಯದಲ್ಲಿ ಅನುಮಾನ ಬೇಡ. ಮಗಳಿಗೆ ಪರೀಕ್ಷೆ, ಕೇಳುವಂತಿಲ್ಲ.

ತುಂಗಾತೀರ:
32 ಎಂದರೆ ಕಡತವನ್ನು ಬೇರೊಂದು ಪ್ರೋಗ್ರಾಮ್ ಹಿಡಿದುಕೊಂಡಿದೆ ಎಂದರ್ಥ. ಕ್ರೋಮ್ ಮೊದಲು ‘ಸಿಆರ್‌ಡೌನ್‌ಲೋಡ್’ ಬಾಲದ ಕಡತಕ್ಕೆ ಬರೆದು, ಇಳಿದು ಮುಗಿದ ಮೇಲೆ ನಿಜವಾದ ಹೆಸರಿಡುತ್ತದೆ. ಫೈರ್‌ಫಾಕ್ಸ್ ‘ಪಾರ್ಟ್’ ಕಡತದ ಪಕ್ಕದಲ್ಲಿ ನಿಜವಾದ ಹೆಸರಿನ ಖಾಲಿ ಕಡತವನ್ನೂ ಇಡುತ್ತದೆ. ನಿಮ್ಮ ಸ್ಕ್ರಿಪ್ಟ್ ಹುಟ್ಟಿದ ಗಳಿಗೆಯಲ್ಲೇ ಕೈಹಾಕುತ್ತಿದೆ.

ಕಾವಲು ಕೂರಿಸುವುದನ್ನೇ ಬಿಡಿ ಎನ್ನುತ್ತೇನೆ. ವಿಂಗಡಣೆಗೆ ಅಷ್ಟು ಅವಸರವೇನು? ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ 10 ನಿಮಿಷಕ್ಕೊಮ್ಮೆ ಓಡಿಸಿ, 5 ನಿಮಿಷದಿಂದ ಅಲುಗಾಡದ ಕಡತಗಳನ್ನಷ್ಟೇ ಸಾಗಿಸಿ. ಪೆನ್‌ಡ್ರೈವ್‌ನಿಂದ ನಕಲಾದ ಕಡತ ತನ್ನ ಹಳೆಯ ತಿದ್ದುಪಡಿ ಸಮಯವನ್ನೇ ಹೊತ್ತು ಬರುತ್ತದೆ. ಆದ್ದರಿಂದ ತಿದ್ದುಪಡಿ ಸಮಯ, ಸೃಷ್ಟಿಯಾದ ಸಮಯ ಎರಡರಲ್ಲಿ ಈಚಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮೇಲಿನ ಎರಡು ಬಾಲದವು, ‘ಟಿಎಂಪಿ’ ಮತ್ತು ಸೊನ್ನೆ ಗಾತ್ರದವನ್ನು ಮುಟ್ಟಬೇಡಿ.

ಲಿಪಿಕಾರ:
ಗೃಹಪ್ರವೇಶದ ಕಥೆ ನಾನು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ವೇ’ಯ ದೀರ್ಘವನ್ನು ಎರಡು ರೀತಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಅಥವಾ ಎತ್ವದ ಮುಂದೆ ದೀರ್ಘದ ಗುರುತು ಬೇರೆಯಾಗಿ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ‘ಮದುವೆ’, ‘ಉಪನಯನ’ಗಳಲ್ಲಿ ಬಿಡಿಸುವಂಥದ್ದೇನೂ ಇಲ್ಲ, ಪಾರಾದವು. ‘ಸೀಮಂತ’ ಬಂದಿದ್ದರೆ ಅದೂ ಸಿಕ್ಕಿಬೀಳುತ್ತಿತ್ತು. ಹೋಲಿಸುವ ಮೊದಲು ಕಡತದ ಹೆಸರನ್ನೂ ನಿಮ್ಮ ಪದವನ್ನೂ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್‌ನಿಂದ ‘ಎನ್‌ಎಫ್‌ಸಿ’ ರೂಪಕ್ಕೆ, ಅಂದರೆ ಬಿಡಿಸಿದ್ದನ್ನು ಕೂಡಿಸಿದ ರೂಪಕ್ಕೆ ತನ್ನಿ.

ಕಡತದ ಒಳಗಿನ ಪದ ಹುಡುಕಿ ವಿಂಗಡಿಸುವ ಆಸೆಯಿದ್ದರೆ, ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪಾದವುಗಳಿಗೆ ಅದು ನಡೆಯದು. ಅಲ್ಲಿರುವುದು ಯೂನಿಕೋಡ್ ಕನ್ನಡವೇ ಅಲ್ಲ.

ಶಿರಸಿ ಮುದ್ರಕ:
ಇಬ್ಬರಿಗೂ ನಮಸ್ಕಾರ. ಗೃಹಪ್ರವೇಶ ಆಯಿತು! ಕಾವಲನ್ನೂ ತೆಗೆದೆ. ಇನ್ನೊಂದು ಪ್ರಶ್ನೆ: ಎಲ್ಲರೂ ‘ಫೈನಲ್’ ಎಂದೇ ಹೆಸರಿಟ್ಟು ಕಳುಹಿಸುತ್ತಾರೆ. ಒಂದು ಮನೆಯ ಫೈನಲ್ ಮೇಲೆ ಇನ್ನೊಂದು ಮನೆಯದು ಕೂತರೆ?

ತುಂಗಾತೀರ:
ಕೂರುತ್ತದೆ, ಸದ್ದಿಲ್ಲದೆ. ಕಡತ ಸಾಗಿಸುವ, ಪೈಥಾನ್‌ನ ಶಟಿಲ್ ಮಾಡ್ಯೂಲಿನ ಮೂವ್‌ಗೆ ಗುರಿಯಾಗಿ ಹೆಸರು ಸಮೇತ ಪೂರ್ಣ ವಿಳಾಸ ಕೊಟ್ಟರೆ ಹಳೆಯ ಕಡತ ಅಳಿದುಹೋಗುತ್ತದೆ. ಫೋಲ್ಡರನ್ನಷ್ಟೇ ಕೊಟ್ಟರೆ ಅದೇ ಹೆಸರು ಇದ್ದಾಗ ದೋಷ ತೋರಿಸುತ್ತದೆ. ಮೊದಲೇ ಪರೀಕ್ಷಿಸಿ, ಹೆಸರಿನ ಕೊನೆಗೆ ದಿನಾಂಕ ಮತ್ತು ಸಮಯ ಸೇರಿಸಿ.

ಹಳೇ ಪೇಜ್‌ಮೇಕರ್:
ಗದಗಿನಲ್ಲಿ ನಾನೂ ಇದೇ ಕಸುಬಿನವನು. ಸ್ಕ್ರಿಪ್ಟನ್ನು ಡೌನ್‌ಲೋಡ್ಸ್ ಬಿಟ್ಟು ಹೊರಗೆ ಕರೆದೊಯ್ಯಬೇಡಿ. ಪೇಜ್‌ಮೇಕರ್, ಇನ್‌ಡಿಸೈನ್ ಪುಟಗಳು ಚಿತ್ರವನ್ನು ಅದು ಇರುವ ಜಾಗದ ವಿಳಾಸದಿಂದ ನೆನಪಿಟ್ಟುಕೊಳ್ಳುತ್ತವೆ. ಪುಟಕ್ಕೆ ಸೇರಿಸಿದ ಮೇಲೆ ಚಿತ್ರವನ್ನು ಸ್ಕ್ರಿಪ್ಟ್ ಎತ್ತಿಕೊಂಡು ಹೋದರೆ ಕೊಂಡಿ ತಪ್ಪುತ್ತದೆ. ನನ್ನಲ್ಲಿ ಗಿರಾಕಿಗೊಂದು ಫೋಲ್ಡರ್. ಅದರೊಳಗೆ ಫೋಟೊ, ಕರಡು, ಕೋರೆಲ್‌ಡ್ರಾ ಎಲ್ಲ ಒಟ್ಟಿಗೆ. ಬಂದ ಕಡತಕ್ಕೆ ರಸೀದಿ ಸಂಖ್ಯೆಯನ್ನು ಮುಂದೆ ಸೇರಿಸುವುದಷ್ಟೇ ನನ್ನ ಹುಡುಗನ ಕೆಲಸ, ಉಳಿದದ್ದು ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ.

ಶಿರಸಿ ಮುದ್ರಕ:
ರಸೀದಿ ಸಂಖ್ಯೆ ಒಳ್ಳೆಯ ಉಪಾಯ. ಆದರೆ ಮುಂಗಡ ಕೊಡದೆ ‘ಸುಮ್ಮನೆ ಒಂದು ಕರಡು ತೋರಿಸಿ’ ಎನ್ನುವವರ ಕಡತಗಳನ್ನು ಎಲ್ಲಿ ಇಡುತ್ತೀರಿ?

ಹಳೇ ಪೇಜ್‌ಮೇಕರ್:
‘ಇತರೆ’ಯಲ್ಲಿ.