ತೋಡಿನ ಬಾಯಲ್ಲಿ ಮಕ್ಕಳನ್ನು ನೀರಿಗೆ ಬಿಡಬಹುದಾ?

ಪ್ರಶ್ನೆ: ನಮಸ್ತೆ ಮೇಡಂ, ನೀವು ನೀರು ಟೆಸ್ಟ್ ಮಾಡುವ ಲ್ಯಾಬಲ್ಲಿ ಇರುವುದಂತ ಗ್ರೂಪಲ್ಲಿ ಹೇಳಿದ್ರು, ಹಾಗೆ ಕೇಳ್ತಿದ್ದೇನೆ. ನಮ್ಮದು ಮಂಗಳೂರು, ಆದಿತ್ಯವಾರ ಮಕ್ಕಳನ್ನು ಬೀಚಿಗೆ ಕರ್ಕೊಂಡು ಹೋಗ್ತೇವೆ, ಅಲೆ ಅಂದ್ರೆ ಹೆದರಿಕೆ ಅಂತ ತೋಡು, ಅಂದ್ರೆ ಸಣ್ಣ ಹಳ್ಳ, ಬಂದು ಸಮುದ್ರಕ್ಕೆ ಸೇರುವಲ್ಲಿ ಮೊಣಕಾಲು ಮಟ್ಟ ನೀರು ನಿಂತಿರ್ತದಲ್ಲ, ಅಲ್ಲಿ ಆಡ್ಲಿಕ್ಕೆ ಬಿಡುವುದು. ಮೊನ್ನೆ ಹೋಗಿ ಬಂದ ಮೇಲೆ ಸಣ್ಣವನಿಗೆ ವಾಂತಿ ಭೇದಿ. ನೀರು ನೋಡ್ಲಿಕ್ಕೆ ಕ್ಲೀನೇ ಉಂಟು, ನಮ್ಮತ್ತೆ ಚರ್ಮುರಿ ತಿಂದದ್ದಕ್ಕೆ ಅಂತಾರೆ. ನೀರಿಂದ ಆಗ್ತದಾ?

ಉತ್ತರ: ಚರ್ಮುರಿಯೂ ಇರಬಹುದು, ಒಂದು ಸಲದ್ದು ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಮಾರಾಯ್ರೆ, ಇಡೀ ಬೀಚಲ್ಲಿ ಮಕ್ಕಳನ್ನು ಬಿಡಬಾರದ ಜಾಗವೇ ಅದು. ಊರೊಳಗಿಂದ ಬರುವ ತೋಡಲ್ಲಿ ಮಳೆನೀರು ಮಾತ್ರ ಬರುದಾ? ಯುಜಿಡಿ (ನೆಲದಡಿಯ ಒಳಚರಂಡಿ) ಕನೆಕ್ಷನ್ ಇಲ್ಲದ ಮನೆಗಳದ್ದು, ಉಕ್ಕಿದ ಮ್ಯಾನ್‌ಹೋಲಿಂದು, ತುಂಬಿದ ಟಾಯ್ಲೆಟ್ ಗುಂಡಿಯದ್ದು ಎಲ್ಲ ಸೇರ್ತದೆ, ಅಲೆ ಇಲ್ಲದ ಕಾರಣ ಸಮುದ್ರದ ನೀರಿನ ಜೊತೆ ಬೇಗ ಬೆರೆಯುದೂ ಇಲ್ಲ, ಮೇಲಿಂದ ಮಕ್ಕಳು ಆಡ್ತಾ ನೀರು ಕುಡಿಯುದು ದೊಡ್ಡವರಿಗಿಂತ ಜಾಸ್ತಿ. ಕ್ಯಾಲಿಫೋರ್ನಿಯದ ಸಾಂತಾ ಮೋನಿಕಾ ಕೊಲ್ಲಿಯಲ್ಲಿ 1995ರಲ್ಲಿ ಇದನ್ನೇ ನೋಡಿದ್ರು, ಚರಂಡಿ ಬಾಯಿ ಎದುರು ಈಜಿದವರಿಗೆ 400 ಗಜ ಆಚೆ ಈಜಿದವರಿಗಿಂತ ಜ್ವರ, ವಾಂತಿ ಎಲ್ಲ ಹೆಚ್ಚು ಬಂದಿತ್ತು.

ಇನ್ನು ಕ್ಲೀನ್ ಅನ್ನುದು. ಗಾಜಿನ ಹಾಗಿರುವ 100 ಎಂಎಲ್ ನೀರನ್ನು ಫಿಲ್ಟರ್ ಮಾಡಿ ಆ ಫಿಲ್ಟರಿನ ಬಿಳಿ ಬಿಲ್ಲೆಯನ್ನು ಬ್ಯಾಕ್ಟೀರಿಯಕ್ಕೆ ಆಹಾರ ಹಾಕಿದ ಪ್ಲೇಟಲ್ಲಿಟ್ಟು 44.5 ಡಿಗ್ರಿಯಲ್ಲಿ ಇನ್‌ಕ್ಯುಬೇಟರಿಗೆ ಹಾಕಿದ್ರೆ ಮಾರನೇ ದಿನ ಬಿಲ್ಲೆ ತುಂಬ ನೀಲಿ ಚುಕ್ಕೆ, ಎಣಿಸ್ಲಿಕ್ಕೇ ಆಗದಷ್ಟು ಬರುದುಂಟು. ಅದು ಫೀಕಲ್ ಕೋಲಿಫಾರ್ಮ್, ಅಂದ್ರೆ ಕರುಳಿನ ಬ್ಯಾಕ್ಟೀರಿಯ. ಸ್ನಾನದ ಸಮುದ್ರಕ್ಕೆ ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟ ಮಿತಿ 100 ಎಂಎಲ್‌ಗೆ ಇಂಥ 100 ಬ್ಯಾಕ್ಟೀರಿಯ. ರೋಗ ತರುವ ಒಂದೊಂದು ಕ್ರಿಮಿಯನ್ನೂ ಹುಡುಕ್ತಾ ಕೂರ್ಲಿಕ್ಕೆ ಆಗುದಿಲ್ಲ, ಇದು ಸಿಕ್ಕಿದ್ರೆ ಮಲದ ನೀರು ಸೇರಿದೆ ಅಂತ ಲೆಕ್ಕ.

ಮತ್ತೊಬ್ರು: ಉಪ್ಪು ನೀರಲ್ಲಿ ಎಲ್ಲ ಸಾಯುದಿಲ್ವಾ ಮೇಡಂ? ಎಳ್ಳಮಾವಾಸ್ಯೆಗೆ ಅಷ್ಟು ಜನ ಮುಳುಗ್ತಾರೆ, ಏನೂ ಆಗುದಿಲ್ಲ.

ಉತ್ತರ: ಸಾಯ್ತದೆ, ಆದ್ರೆ ಕೂಡ್ಲೆ ಅಲ್ಲ. ಉಪ್ಪಿಗಿಂತ ಬಿಸಿಲೇ ಜೋರು ಕೊಲ್ಲುದು, ಹಾಗಾಗಿ ಅದೇ ಜಾಗದ ನೀರಲ್ಲಿ ಬೆಳಿಗ್ಗೆ ಬೇಗ ಕೌಂಟ್ ಜಾಸ್ತಿ, ಮಧ್ಯಾಹ್ನಕ್ಕೆ ಕಮ್ಮಿ ಬರುದು ಸಾಮಾನ್ಯ. ಸಮುದ್ರದಲ್ಲಿ ಇ-ಕೋಲೈ, ಅಂದ್ರೆ ಆ ಫೀಕಲ್ ಕೋಲಿಫಾರ್ಮಲ್ಲಿ ಒಂದು, ಬೇಗ ಹೋಗ್ತದೆ, ಎಂಟರೊಕಾಕಸ್ ಅನ್ನುವ ಇನ್ನೊಂದು ಕರುಳಿನ ಬ್ಯಾಕ್ಟೀರಿಯ ಹೆಚ್ಚು ತಡೀತದೆ. ಅದಕ್ಕೇ ಕ್ಲೀನ್ ಬೀಚಿಗೆ ನೀಲಿ ಬಾವುಟ ಕೊಡುವ ಬ್ಲೂ ಫ್ಲ್ಯಾಗ್‌ನವರು ಎರಡನ್ನೂ ನೋಡುದು, 100 ಎಂಎಲ್‌ಗೆ ಇ-ಕೋಲೈ 250, ಎಂಟರೊಕಾಕಸ್ 100 ಮೀರಬಾರದು. ನಮ್ಮ ಪಡುಬಿದ್ರೆ, ಹೊನ್ನಾವರದ ಕಾಸರಕೋಡು 2020ರಲ್ಲಿ ಆ ಬಾವುಟ ತಗೊಂಡವು.

ಪ್ರಶ್ನೆ (ಮೊದಲಿನವರೇ): ಹಾಗಾದ್ರೆ ಯಾವಾಗ, ಎಲ್ಲಿ ಹೋಗುದು?

ಉತ್ತರ: ಮಳೆ ಬಂದ ಮೇಲೆ ಮೂರು ದಿನ ನೀರಿಗೆ ಇಳಿಬೇಡಿ. ಪತ್ತನಾಜೆ ಹೊತ್ತಿಗೆ, ಅಂದ್ರೆ ಮೇ ಕೊನೆಗೆ, ಬರುವ ಮೊದಲ ಮಳೆಗಳಿದ್ದಾವಲ್ಲ, ಬೇಸಿಗೆ ಇಡೀ ಚರಂಡಿಯಲ್ಲಿ ಕೂತದ್ದನ್ನೆಲ್ಲ ಒಟ್ಟಿಗೆ ತೊಳ್ಕೊಂಡು ತರುದು ಅವೇ. ಬಾಕಿ ದಿನ ತೋಡಿಂದ ಮುನ್ನೂರು ನಾನೂರು ಮೀಟರ್ ಆಚೆ, ಲೈಫ್‌ಗಾರ್ಡ್ ಇರುವಲ್ಲಿ, ಕೈ ಹಿಡ್ಕೊಂಡು ಪಾದ ಮುಳುಗುವಷ್ಟು ಸಾಕು. ಬಂದು ಕೈ ತೊಳೀದೆ ಚರ್ಮುರಿ ಬೇಡ, ಅತ್ತೆ ಹೇಳಿದ್ರಲ್ಲೂ ಸತ್ಯ ಉಂಟು.

ಇನ್ನೊಬ್ರು: ಮರುವಾಯಿ (ಚಿಪ್ಪಿನೊಳಗಿನ ಮಾಂಸ) ತಿನ್ಬಹುದಾ? ಅಪ್ಪನಿಗೆ ಶುಗರ್ ಬೇರೆ.

ಉತ್ತರ: ಮರುವಾಯಿ ನೀರು ಸೋಸಿಯೇ ಬದುಕುದು, ನೀರಲ್ಲಿದ್ದದ್ದು ಅದರ ಹೊಟ್ಟೆಯಲ್ಲಿ ಸೇರ್ತಾ ಹೋಗ್ತದೆ. ಚಿಪ್ಪು ಬಾಯಿ ಬಿಟ್ಟ ಕೂಡ್ಲೆ ಇಳಿಸ್ಬೇಡಿ, ಅಷ್ಟಕ್ಕೆ ಜಾಂಡಿಸಿನ ಹೆಪಟೈಟಿಸ್ ಎ ವೈರಸ್ ಸಾಯುದಿಲ್ಲ, ಆಮೇಲೂ ಚೆನ್ನಾಗಿ ಕುದೀಲಿ. ಅಪ್ಪನ ಕಾಲಲ್ಲಿ ಗಾಯ ಇದ್ರೆ ಉಪ್ಪು ನೀರಿಗೆ ಬೇಡವೇ ಬೇಡ. ವಿಬ್ರಿಯೊ ಅಂತ ಒಂದು ಜಾತಿ ಬ್ಯಾಕ್ಟೀರಿಯ ಉಂಟು, ಅದು ಚರಂಡಿಯಿಂದ ಬರುದಲ್ಲ, ಬೆಚ್ಚಗಿನ ಸಮುದ್ರದಲ್ಲೇ ಇರುದು, ಕೋಲಿಫಾರ್ಮ್ ರಿಪೋರ್ಟ್ ಚೆನ್ನಾಗಿದ್ರೂ ಅದು ಇರ್ಬಹುದು. ಶುಗರ್, ಲಿವರ್ ತೊಂದ್ರೆ ಇದ್ದವರಿಗೆ ಗಾಯದ ಮೂಲಕ ಹೋದ್ರೆ ಒಂದೆರಡು ದಿನದಲ್ಲೇ ಸೀರಿಯಸ್ ಆಗ್ತದೆ. ಕೆಂಪಾಗಿ ಊದಿಕೊಂಡ್ರೆ ಅರಶಿನ ಹಚ್ಚಿ ಕೂರ್ಬೇಡಿ, ಆವತ್ತೇ ಡಾಕ್ಟರ ಹತ್ರ ಹೋಗಿ, ಸಮುದ್ರಕ್ಕೆ ಇಳಿದದ್ದನ್ನೂ ಹೇಳಿ.