ಸಿಲಿಯಾ ಪೊರೆಯ ಲಿಪಿಡ್: ಬಳಚಿನ ಕಿವಿರಿನಲ್ಲಿ ಎಷ್ಟು ತೋರಿಸಬಹುದು?

ಕೋಡಿಬಾಗ_ಕಡಲು
ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಸಿಲಿಯಾ (ಜೀವಕೋಶದಿಂದ ಕೂದಲಿನಂತೆ ಚಾಚಿರುವ ಎಳೆಗಳು) ಬಗ್ಗೆ ಒಂದು ಪ್ರಾಯೋಗಿಕ ತರಗತಿ ಜೋಡಿಸಬೇಕಿದೆ. ಕಾರವಾರದ ಪೇಟೆಯಲ್ಲಿ ಬಳಚು (ಎರಡು ಚಿಪ್ಪಿನ ಮೃದ್ವಂಗಿ) ಸಿಗುತ್ತದೆ, ಅದರ ಕಿವಿರಿನ ತುಂಬ ಸಿಲಿಯಾಗಳೇ. ಸಿಲಿಯಾದ ಪೊರೆ ಜೀವಕೋಶದ ಪೊರೆಯದೇ ಮುಂದುವರಿಕೆ ಅನ್ನುತ್ತಾರೆ. ಹಾಗಿದ್ದ ಮೇಲೆ ಎರಡರ ಲಿಪಿಡ್‌ಗಳು (ಪೊರೆಯ ಕೊಬ್ಬಿನಂಥ ಅಣುಗಳು) ಬೆರೆತು ಒಂದೇ ಆಗಬೇಕಿತ್ತಲ್ಲ, ಬೇರೆ ಬೇರೆಯಾಗಿ ಉಳಿಯುವುದು ಹೇಗೆ? ಮತ್ತೆ, ಲಿಪಿಡ್‌ಗಳ ಪಾತ್ರವನ್ನು ಕಿವಿರಿನ ತುಂಡಿನಲ್ಲೇ ತೋರಿಸಲು ಬರುತ್ತದೆಯೇ? ನಮ್ಮಲ್ಲಿರುವುದು 400 ಪಟ್ಟಿನ ಸಾದಾ ಸೂಕ್ಷ್ಮದರ್ಶಕ. ಫ್ಲೋರೊಸೆನ್ಸ್ (ಹೊಳೆಯುವ ಬಣ್ಣ ನೋಡುವ ಸೌಲಭ್ಯ) ಇಲ್ಲ.

ಶಿರಸಿ_ಕೋಶ
ಬುಡದಲ್ಲಿ ತಡೆ ಇದೆ ಸರ್. ಅಲ್ಲಿ ವೈ ಆಕಾರದ ಕೊಂಡಿಗಳು ಸಿಲಿಯಾದೊಳಗಿನ ಸೂಕ್ಷ್ಮನಾಳಗಳನ್ನು (ಪ್ರೋಟೀನಿನ ಸಣ್ಣ ಕೊಳವೆಗಳು) ಪೊರೆಗೆ ಬಿಗಿದಿರುತ್ತವೆ. ಆದರೆ ಲಿಪಿಡ್ ಮಟ್ಟಿಗೆ ಆ ತಡೆಯೊಂದೇ ಸಾಲದು, ಒಳಗಿನ ಕಿಣ್ವ ಬಿಡುವಿಲ್ಲದೆ ಕೆಲಸ ಮಾಡುತ್ತಿರಬೇಕು.

ಸಸ್ತನಿಗಳ ಪ್ರಾಥಮಿಕ ಸಿಲಿಯಾದಲ್ಲಿ (ಬಡಿಯದೆ ಸಂಕೇತ ಹಿಡಿಯುವ ಬಗೆ) ಇದು ಚೆನ್ನಾಗಿ ಗೊತ್ತಾಗಿದೆ. ಜೀವಕೋಶದ ಹೊರಪೊರೆಯಲ್ಲಿ ಪಿಐಪಿ2 ಎಂಬ ಫಾಸ್ಫೊಇನೊಸಿಟೈಡ್ (ಫಾಸ್ಫೇಟ್ ಹೊತ್ತ ಒಂದು ಲಿಪಿಡ್) ಧಾರಾಳ. ಸಿಲಿಯಾದೊಳಗೆ ಐಎನ್‌ಪಿಪಿ5ಇ ಎಂಬ ಕಿಣ್ವ ಅದರ 5ನೇ ಸ್ಥಾನದ ಫಾಸ್ಫೇಟ್ ಕಿತ್ತು ಪಿಐ4ಪಿ ಎಂಬ ಇನ್ನೊಂದು ಲಿಪಿಡ್ ಮಾಡಿಬಿಡುತ್ತದೆ. ಹಾಗಾಗಿ ಬುಡದಲ್ಲಿ ಪಿಐಪಿ2, ಮೇಲೆಲ್ಲ ಪಿಐ4ಪಿ. ಈ ಕಿಣ್ವವನ್ನು ಸಿಲಿಯಾದೊಳಗೆ ಉಳಿಸಿಕೊಳ್ಳುವುದು ಎಆರ್‌ಎಲ್13ಬಿ ಪ್ರೋಟೀನು.

ಇದರಿಂದ ಆಗುವ ಲಾಭ ಸಾಗಣೆಯಲ್ಲಿದೆ. ಟಿಯುಎಲ್‌ಪಿ3 ಎಂಬ ಪ್ರೋಟೀನು ಬುಡದಲ್ಲಿ ಪಿಐಪಿ2ಗೆ ಅಂಟಿಕೊಂಡು ಜಿಪಿಆರ್161ನಂಥ ಗ್ರಾಹಕಗಳನ್ನು (ಸಂಕೇತ ಪಡೆಯುವ ಪ್ರೋಟೀನುಗಳು) ಹಿಡಿದು ಒಳಗೆ ಸಾಗಿಸುತ್ತದೆ. ಒಳಗೆ ಪಿಐಪಿ2 ಕಡಿಮೆ, ಅದಕ್ಕೇ ಹಿಡಿತ ಸಡಿಲಿಸುತ್ತದೆ. ಕಿಣ್ವ ಕೆಟ್ಟರೆ ಪಿಐಪಿ2 ಒಳಗೂ ಸೇರುತ್ತದೆ, ಜೊತೆಗೆ ಟಿಯುಎಲ್‌ಪಿ3, ಜಿಪಿಆರ್161 ಎರಡೂ ಅಲ್ಲೇ ಜಮಾ ಆಗಿ ಹೆಡ್ಜ್‌ಹಾಗ್ ಸಂಕೇತ (ಭ್ರೂಣದ ಬೆಳವಣಿಗೆ ನಡೆಸುವ ಸಂದೇಶ ಸರಣಿ) ಮಂಕಾಗುತ್ತದೆ. ಇದು 2015ರಲ್ಲಿ ಸ್ಪಷ್ಟವಾಯಿತು. ಐಎನ್‌ಪಿಪಿ5ಇ ಜೀನ್ ಕೆಟ್ಟರೆ ಮನುಷ್ಯರಲ್ಲಿ ಜುಬೇರ್ ಸಿಂಡ್ರೋಮ್ (ಮಿದುಳಿನ ಬೆಳವಣಿಗೆ ಕುಂದುವ ವಂಶವಾಹಿ ಕಾಯಿಲೆ) ಬರುತ್ತದೆ ಎನ್ನುವುದು ಅದಕ್ಕೂ ಮೊದಲೇ, 2009ರಲ್ಲೇ ತಿಳಿದಿತ್ತು. ಕೊಲೆಸ್ಟ್ರಾಲ್‌ಗೂ ಪಾತ್ರವಿದೆ: ಹೆಡ್ಜ್‌ಹಾಗ್ ಸಂಕೇತ ಸಾಗಿಸುವ ಸ್ಮೂತೆಂಡ್ ಪ್ರೋಟೀನು ಚುರುಕಾಗಲು ಅದು ನೇರವಾಗಿ ಅಂಟಬೇಕು.

ಇದ್ಯಾವುದೂ ಬಳಚಿನ ಕಿವಿರಿನಲ್ಲಿ ಕಾಣುವುದಲ್ಲ. ಸಿಲಿಯಾದ ಅಡ್ಡಳತೆಯೇ ಸುಮಾರು 0.25 ಮೈಕ್ರೋಮೀಟರ್, ನಿಮ್ಮ ಮಸೂರಕ್ಕೆ ಪೊರೆ ಬೇರೆ, ಒಳಗಿನ ಸೂಕ್ಷ್ಮನಾಳಗಳ ತಿರುಳು ಬೇರೆ ಎಂದು ತಿಳಿಯುವುದಿಲ್ಲ.

ಅಘನಾಶಿನಿ_ದಂಡೆ
ಕಾಣದಿದ್ದರೂ ಪೊರೆ ತೆಗೆದರೆ ಏನಾಗುತ್ತದೆ ಎಂದು ತೋರಿಸಬಹುದು. ಪೊರೆ ಕರಗಿಸಿದರೆ ಬಡಿತ ನಿಲ್ಲುತ್ತದೆ, ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಕೊಟ್ಟರೆ ಬೆತ್ತಲೆ ತಿರುಳೇ ಮತ್ತೆ ಬಡಿಯುತ್ತದೆ. ಬಡಿಯುವ ಯಂತ್ರಕ್ಕೆ ಲಿಪಿಡ್ ಬೇಡ, ಎಟಿಪಿಯನ್ನು ಒಳಗಿಟ್ಟು ಕ್ಯಾಲ್ಸಿಯಂ ಹೊರಗಿಡಲು ಬೇಕು. ತರಗತಿಗೆ ಇಷ್ಟು ಸಾಕು.

ಮೊಂಡು ಚಾಕು ತೂರಿಸಿ ಎರಡೂ ಕಡೆಯ ಸ್ನಾಯು ಕತ್ತರಿಸಿ. ಕಿವಿರಿನ 4–5 ಮಿ.ಮೀ. ತುಂಡನ್ನು ಸೋಸಿದ ನೀರಲ್ಲಿಡಿ. ನೀರು ಬಳಚು ಬಂದ ಜಾಗದ್ದೇ ಆಗಲಿ; ಮಳೆಗಾಲದಲ್ಲಿ ಕಾಳಿ ಅಳಿವೆಯ ಉಪ್ಪು ಇಳಿದಿರುತ್ತದೆ, ತೆರೆದ ಕಡಲಿನ ನೀರು ಹಾಕಿದರೆ ಜೀವಕೋಶ ಮುದುಡುತ್ತವೆ. ನಲ್ಲಿ ನೀರಂತೂ ಬೇಡವೇ ಬೇಡ, ಉಬ್ಬಿ ಒಡೆಯುತ್ತವೆ. ಕವರ್‌ಸ್ಲಿಪ್‌ನ ಎರಡು ಅಂಚಿಗೆ ವ್ಯಾಸಲೀನ್ ಹಚ್ಚಿ ಕೂರಿಸಿದರೆ, ಉಳಿದೆರಡು ಕಡೆಯಿಂದ ಫಿಲ್ಟರ್ ಕಾಗದದಲ್ಲಿ ದ್ರಾವಣ ಎಳೆದು ಬದಲಿಸಬಹುದು. ಮೊದಲು ಬಡಿತ ಚೆನ್ನಾಗಿರುವ ಜಾಗ ಗುರುತಿಸಿಕೊಳ್ಳಿ.

ಎಲ್ಲರೂ ಎಡವುವುದು ಕ್ಯಾಲ್ಸಿಯಂನಲ್ಲಿ. ಕಡಲ ನೀರಿನಲ್ಲಿ ಅದು ಸುಮಾರು 10 ಮಿಲಿಮೋಲಾರ್. ಡಿಟರ್ಜೆಂಟ್ ಜೊತೆ ಸೇರಿದರೆ ಸಿಲಿಯಾ ಬುಡದಿಂದಲೇ ತುಂಡಾಗಿ ಉದುರುತ್ತವೆ. ಉಳಿದವೂ ಎಟಿಪಿಗೆ ಓಗೊಡದೆ ನಿಂತುಬಿಡಬಹುದು. ಆದ್ದರಿಂದ ಮೊದಲು ಕ್ಯಾಲ್ಸಿಯಂ ಇಲ್ಲದ ಕೃತಕ ಕಡಲ ನೀರಿನಲ್ಲಿ ಮೂರು ಸಲ ತೊಳೆಯಿರಿ: ಸೋಡಿಯಂ ಕ್ಲೋರೈಡ್ 450, ಪೊಟ್ಯಾಸಿಯಂ ಕ್ಲೋರೈಡ್ 10, ಮೆಗ್ನೀಷಿಯಂ ಕ್ಲೋರೈಡ್ 30, ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) 2 ಮಿಲಿಮೋಲಾರ್, ಪಿಎಚ್ 8. ಅಳಿವೆಯ ಬಳಚಾದರೆ ಸೋಡಿಯಂ ತಗ್ಗಿಸಿ. ಎರಡು ಮೂರು ನಿಮಿಷದಲ್ಲಿ ಮುಗಿಸಿ, ತಡವಾದರೆ ಜೀವಕೋಶಗಳೇ ಬಿಡಿಬಿಡಿಯಾಗುತ್ತವೆ.

ಆಮೇಲಿನ ದ್ರಾವಣ: ಹೆಪೆಸ್ (ಪಿಎಚ್ ಕಾಯುವ ಬಫರ್) 30, ಮೆಗ್ನೀಷಿಯಂ ಸಲ್ಫೇಟ್ 5, ಡಿಟಿಟಿ (ಪ್ರೋಟೀನು ಆಕ್ಸಿಡೀಕರಣವಾಗದಂತೆ ಕಾಯುವ ರಾಸಾಯನಿಕ) 1, ಇಜಿಟಿಎ 1, ಪೊಟ್ಯಾಸಿಯಂ ಅಸಿಟೇಟ್ 50 ಮಿಲಿಮೋಲಾರ್, ಪಿಎಚ್ 7.4. ಇದರಲ್ಲಿ ಪೊರೆ ಕರಗಿಸುವ ಡಿಟರ್ಜೆಂಟ್ ಟ್ರೈಟನ್ ಎಕ್ಸ್-100 ಶೇ. 0.02ರಿಂದ ಶುರು ಮಾಡಿ, ಸಾಲದಿದ್ದರೆ 0.05ರವರೆಗೆ, ಒಂದು ನಿಮಿಷ. ಟ್ರೈಟನ್ ಇಲ್ಲದ ಅದೇ ದ್ರಾವಣದಲ್ಲಿ ತೊಳೆದಾಗ ಎಲ್ಲ ಸ್ತಬ್ಧ. ಈಗ 1 ಮಿಲಿಮೋಲಾರ್ ಎಟಿಪಿ ಹರಿಸಿ. ಎಲ್ಲ ಕಡೆ ಅಲ್ಲ, ಅಲ್ಲಲ್ಲಿ ಬಡಿತ ಬರುತ್ತದೆ. ಮೊದಲಿನ ಅಲೆಯ ಕ್ರಮ ನಿರೀಕ್ಷಿಸಬೇಡಿ. ಹೋಲಿಕೆಗೆ ಎಟಿಪಿ ಹಾಕದ ತುಂಡೊಂದು ಪಕ್ಕದಲ್ಲಿರಲಿ. ಎಟಿಪಿ ಡೈಸೋಡಿಯಂ ಲವಣ ಆಮ್ಲೀಯ, ಮೂಲ ದ್ರಾವಣವನ್ನು ಪಿಎಚ್ 7ಕ್ಕೆ ತಂದಿಡದಿದ್ದರೆ ಹಾಕಿದ ಕೂಡಲೇ ಪಿಎಚ್ ಬಿದ್ದು ಏನೂ ಅಲುಗಾಡುವುದಿಲ್ಲ.

ರೆಕಾರ್ಡ್ ಪುಸ್ತಕದಲ್ಲಿ ಮಾತ್ರ "ಲಿಪಿಡ್ ಪಾತ್ರ ಸಾಬೀತಾಯಿತು" ಎಂದು ಬರೆಸಬೇಡಿ. ಟ್ರೈಟನ್ ಪೊರೆಯ ಪ್ರೋಟೀನುಗಳನ್ನೂ ಒಯ್ಯುತ್ತದೆ.

ಫಿಲಿಪಿನ್_ನೀಲಿ
ಪ್ರಾಜೆಕ್ಟ್‌ಗೆ ಫ್ಲೋರೊಸೆನ್ಸ್ ಇರುವ ಪ್ರಯೋಗಾಲಯಕ್ಕೆ ಹೋಗುವ ಮಕ್ಕಳಿಗೆ ಒಂದು ಮಾತು: ಲಿಪಿಡ್ ನೋಡಬೇಕಾದಾಗ ಜೀವಕೋಶ ಇದ್ದಂತೆ ಹಿಡಿದಿಡಲು (ಫಿಕ್ಸ್ ಮಾಡಲು) ಮೈನಸ್ 20 ಡಿಗ್ರಿಯ ಮೆಥನಾಲ್ ಬಳಸಬಾರದು, ಲಿಪಿಡನ್ನೇ ತೊಳೆದು ಹಾಕುತ್ತದೆ. ಪ್ಯಾರಾಫಾರ್ಮಾಲ್ಡಿಹೈಡ್ ಪ್ರೋಟೀನು ಹಿಡಿಯುತ್ತದೆ, ಬಹುಪಾಲು ಲಿಪಿಡ್‌ಗಳನ್ನು ಹಿಡಿಯುವುದಿಲ್ಲ. ಅದಕ್ಕೆ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್ ಜೊತೆ ಶೇ. 0.2 ಗ್ಲುಟರಾಲ್ಡಿಹೈಡ್, ಪೊರೆಯಲ್ಲಿ ರಂಧ್ರ ಮಾಡಲು ಟ್ರೈಟನ್ ಬದಲು ಸ್ಯಾಪೊನಿನ್, ಮುಂದಿನ ಹಂತಗಳೆಲ್ಲ ಮಂಜುಗಡ್ಡೆಯ ಮೇಲೆ. ಕೊಲೆಸ್ಟ್ರಾಲ್ ನೋಡಲು ಅದಕ್ಕೆ ಅಂಟಿ ಹೊಳೆಯುವ ಫಿಲಿಪಿನ್ 50 ಮೈಕ್ರೋಗ್ರಾಂ/ಮಿ.ಲೀ., ಕತ್ತಲಲ್ಲಿ. ಬೆಳಕಿಗೆ ಬಹುಬೇಗ ಮಾಸುತ್ತದೆ, ಫೋಕಸ್ ಬೇರೆ ಬಣ್ಣದಲ್ಲಿ ಮಾಡಿಕೊಂಡು ಚಿತ್ರ ತೆಗೆಯಿರಿ.

ಕೋಡಿಬಾಗ_ಕಡಲು
ಇಷ್ಟು ವಿವರ ಸಿಕ್ಕಿದ್ದು ಉಪಕಾರವಾಯಿತು. ಟ್ರೈಟನ್ ತೀರಿದೆ, ಪಾತ್ರೆ ತೊಳೆಯುವ ಲಿಕ್ವಿಡ್ ನಡೆದೀತೇ?

ಅಘನಾಶಿನಿ_ದಂಡೆ
ನಡೆಯುವುದಿಲ್ಲ ಮಾರಾಯ್ರೆ. ಅದರಲ್ಲಿ ಹೆಚ್ಚಾಗಿ ಇರುವುದು ಋಣಾವೇಶದ ಡಿಟರ್ಜೆಂಟ್, ಪೊರೆಯ ಜೊತೆ ಬಡಿತ ಹುಟ್ಟಿಸುವ ಡೈನೀನ್ ಪ್ರೋಟೀನನ್ನೂ ಕೆಡಿಸುತ್ತದೆ. ಆಮೇಲೆ ಎಟಿಪಿ ಎಷ್ಟು ಸುರಿದರೂ ದಂಡ. ಟ್ರೈಟನ್ ಇಲ್ಲದಿದ್ದರೆ ಎನ್‌ಪಿ-40 ಎಂಬ ಡಿಟರ್ಜೆಂಟ್ ತರಿಸಿ. ಎರಡೂ ಅಂಟುಅಂಟು, ಪಿಪೆಟ್ ತುದಿ ಕತ್ತರಿಸಿ ನಿಧಾನ ಎಳೆದು ಮೊದಲು ಶೇ. 10ರ ದ್ರಾವಣ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ 0.02 ಎಂಬ ಅಳತೆ ಹೆಸರಿಗೆ ಮಾತ್ರ.